ಎಡಗೈ ಸುತ್ತಿದ ಗ್ರಿಪ್

ಲೈನ್ ಮನೆಯ ಹುಡುಗಿ ಡಿಗ್ರಿ ಮಾಡುವುದು ಆಗದ ಮಾತು ಎಂದು ಹೇಳಿದವರು ನಮ್ಮ ಎಸ್ಟೇಟಿನ ರೈಟರು. ಹಾಜರಿ ಪುಸ್ತಕದಿಂದ ತಲೆ ಎತ್ತದೆ, ಬೈಯುವ ಧ್ವನಿಯಲ್ಲೂ ಅಲ್ಲ, ನಾಳೆ ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದ್ದರು. ಅದು ಆಯಿತು. ನಮ್ಮ ವಂಶದಲ್ಲೇ ಮೊದಲ ಬಿ.ಎಸ್ಸಿ. ನಾನು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇನ್ನೊಂದು ಆಗದ ಮಾತಿತ್ತು, ಸತ್ತವರು ಬಂದು ಬದುಕಿರುವವರ ಸಾಮಾನು ಮುಟ್ಟಿ ಹೋಗುವುದು. ಅದನ್ನು ಆಗದ ಮಾತು ಎನ್ನುತ್ತಿದ್ದವಳು ನಾನೇ. ರೈಟರಷ್ಟೇ ಖಚಿತವಾಗಿ ಹೇಳುತ್ತಿದ್ದೆ. ಅದು ಆಯಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಿಗ್ರಿಯ ನಂತರ ಲ್ಯಾಬ್ ಕೋರ್ಸು ಮಾಡಿ ಈಗ ಸೋಮವಾರಪೇಟೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಕಣ್ಣಿಗೆ ಕಂಡದ್ದನ್ನು ಮಾತ್ರ ರಿಪೋರ್ಟಿನಲ್ಲಿ ಬರೆಯುವ ಕೆಲಸ. ಅದಕ್ಕೂ ಮೊದಲೇ ನನ್ನ ಬುದ್ಧಿ ಹಾಗಿತ್ತು. ಪಿತೃಪಕ್ಷದಲ್ಲಿ ಅವ್ವ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ನಮ್ಮನ್ನೆಲ್ಲ ಹೊರಗೆ ನಿಲ್ಲಿಸುತ್ತಿದ್ದಳು. "ಅಳತೆ ಮಾಡಿ ನೋಡವ್ವ, ಒಂದು ಅಗುಳೂ ಕಮ್ಮಿ ಆಗಿರಲ್ಲ" ಎಂದು ಹೇಳಿ ಬೈಸಿಕೊಳ್ಳುತ್ತಿದ್ದವಳು ನಾನು.

ನಾವು ಬೆಳೆದದ್ದು ತಿತಿಮತಿ ಹತ್ತಿರದ ಒಂದು ಕಾಫಿ ತೋಟದ ಲೈನಿನಲ್ಲಿ, ಕೂಲಿಯವರಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ. ಅಪ್ಪ, ಅವ್ವ ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಅಪ್ಪ ಬೇಗ ತೀರಿಕೊಂಡರು. ಅಣ್ಣ ಮಾದೇಶ ನನಗಿಂತ ಎರಡು ವರ್ಷ ದೊಡ್ಡವನು. ಕೊಡಗಿನಲ್ಲಿ ಮನೆತನದ ಹೆಸರಿನಲ್ಲಿ ತಂಡ ಕಟ್ಟಿಕೊಂಡು ಹಾಕಿ ಆಡುತ್ತಾರೆ. ನಮಗೆ ಅಂಥ ಹೆಸರಿರಲಿಲ್ಲ, ಲೈನಿನ ಮನೆಗೆ ನಂಬರಿತ್ತು. ಆದರೂ ಅಣ್ಣ ಆಡಿದ. ಮೊದಲು ಬಾಗಿದ ಸೀಬೆ ಕೊಂಬೆಯಲ್ಲಿ, ಆಮೇಲೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಕೊಟ್ಟ ಹಳೆಯ ಸ್ಟಿಕ್ಕಿನಲ್ಲಿ.

ಅವನು ಎಡಗೈಯವನು. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇರುವುದಿಲ್ಲ. ಹಾಗಾಗಿ ಆಟವನ್ನು ಎಲ್ಲರಂತೆಯೇ ಕಲಿತ, ಆದರೆ ಸ್ಟಿಕ್ಕಿನ ಹಿಡಿಗೆ ಗ್ರಿಪ್ ಸುತ್ತುವುದು ಮಾತ್ರ ಎಡಗೈಯಲ್ಲೇ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸುತ್ತಿದ್ದ. ಬೇರೆಯವರು ಮೇಲಿನಿಂದ ಕೆಳಕ್ಕೆ ಸುತ್ತಿದರೆ ಅವನು ಕೆಳಗಿನಿಂದ ಮೇಲಕ್ಕೆ. ಬೇರೆಯವರ ಸುತ್ತು ಒಂದು ಕಡೆ ವಾಲಿದರೆ ಅವನದು ಇನ್ನೊಂದು ಕಡೆ. ಕೊನೆಗೆ ಟೇಪು ಅಂಟಿಸುತ್ತಿರಲಿಲ್ಲ. ಪಟ್ಟಿಯ ತುದಿಯನ್ನು ಚಮಚದ ಹಿಡಿಯಿಂದ ಕೊನೆಯ ಸುತ್ತಿನ ಅಡಿಗೆ ತೂರಿಸಿ ಎಳೆದುಬಿಡುತ್ತಿದ್ದ. ಎದುರಿಗೆ ಕೂತು ಸ್ಟಿಕ್ಕನ್ನು ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಕೆಲಸವಾಗಿತ್ತು.

ಅವನಿಗೆ ಹದಿನೇಳು ತುಂಬಿದಾಗ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆ ಬಂತು. ಅದೇ ವಾರ ಅವ್ವ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡಳು. ಮನೆಯಿಂದ ಒಬ್ಬರಾದರೂ ಕೆಲಸಕ್ಕೆ ಹೋಗದಿದ್ದರೆ ಲೈನ್ ಮನೆ ಬಿಡಬೇಕಾಗಿತ್ತು. ಇದ್ದವರು ನಾವಿಬ್ಬರು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ಹೊರಡುವ ಹಿಂದಿನ ಸಂಜೆ ಅಣ್ಣ ಬ್ಯಾಗು ತುಂಬಿಟ್ಟುಕೊಂಡು ಮಲಗಿದ. ಬೆಳಿಗ್ಗೆ ನಾನು ಏಳುವಾಗ ಬ್ಯಾಗು ಖಾಲಿಯಾಗಿತ್ತು, ಬಟ್ಟೆಗಳು ಹಗ್ಗದ ಮೇಲಿದ್ದವು, ಅಣ್ಣ ತೋಟಕ್ಕೆ ಹೋಗಿಯಾಗಿತ್ತು.

ನಾನು ಏನೂ ಕೇಳಲಿಲ್ಲ. ಅಂದು ಸಂಜೆಯೂ ಕೇಳಲಿಲ್ಲ, ಮುಂದಿನ ವರ್ಷಗಳಲ್ಲೂ ಕೇಳಲಿಲ್ಲ. ಕೇಳಿದರೆ "ಹಂಗಾದ್ರೆ ನೀನು ಹೋಗ್ತೀಯಾ ತೋಟಕ್ಕೆ?" ಎಂದುಬಿಟ್ಟಾನು ಎಂಬ ಭಯ. ನಿಜ ಹೇಳಬೇಕೆಂದರೆ ನನಗೆ ಪರೀಕ್ಷೆ ಬೇಕಾಗಿತ್ತು. ಅಣ್ಣ ಆಮೇಲೆ ಸ್ಟಿಕ್ ಮುಟ್ಟಲಿಲ್ಲ. ತೋಟದ ಜೀಪು ಓಡಿಸಿದ. ನಾನು ಡಿಗ್ರಿ ತೆಗೆದುಕೊಳ್ಳುವ ದಿನ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಮೂವತ್ತೊಂದನೆಯ ವಯಸ್ಸಿಗೆ ಇಲಿಜ್ವರದಲ್ಲಿ ಹೋದ. ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವ ತಂಗಿ ಇದ್ದಳು. ಜ್ವರ ಬಂದಿದೆ ಎಂದು ಅವನು ನನಗೆ ಫೋನೇ ಮಾಡಿರಲಿಲ್ಲ.

ನಾನು ಸ್ಟಿಕ್ ಹಿಡಿದದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ಪರಿಚಯದ ನರ್ಸ್ ಒಬ್ಬಳು ಸಂಜೆ ಹೊತ್ತು ಮೈದಾನಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಆಡುತ್ತಿದ್ದವರೆಲ್ಲ ನಮ್ಮಂಥವರೇ, ಎರಡು ಸಲ ಓಡಿದರೆ ಸೊಂಟ ಹಿಡಿದು ನಿಲ್ಲುವವರು. ಎರಡು ವರ್ಷ ಹಾಗೆ ಆಡಿದ ಮೇಲೆ, ಪೊನ್ನಂಪೇಟೆ ಕಡೆ ಮೂವತ್ತು ದಾಟಿದವರಿಗೆಂದೇ ಮೂರು ದಿನದ ಹಾಕಿ ಕ್ಯಾಂಪ್ ಇದೆ ಎಂದು ಗೊತ್ತಾಯಿತು. ಹೆಸರು ಕೊಟ್ಟೆ. ನನ್ನದೇ ಆದ ಹೊಸ ಸ್ಟಿಕ್ ಕೊಂಡೆ.

ಇಂಥ ಅನುಭವಗಳು ರಾತ್ರಿ ಹೊತ್ತು ಆಗುತ್ತವೆ ಎಂದು ಕೇಳಿದ್ದೇನೆ. ನನಗೆ ಆದದ್ದು ಶನಿವಾರ ಮಧ್ಯಾಹ್ನ ಮೂರೂವರೆಗೆ, ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿದ್ದಾಗ. ಮರುದಿನ ಬೆಳಿಗ್ಗೆ ಬಸ್ಸು. ಕೋಚ್ ವಾಟ್ಸಾಪಿನಲ್ಲಿ ಕಳಿಸಿದ್ದ ಪಟ್ಟಿ ನೋಡಿಕೊಂಡು ಒಂದೊಂದನ್ನೇ ಬ್ಯಾಗಿಗೆ ಹಾಕಿದೆ. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್, ಹಲ್ಲಿಗೆ ಮೌತ್ ಗಾರ್ಡ್, ಎರಡು ಜೊತೆ ಉದ್ದನೆಯ ಕಾಲುಚೀಲ, ಶೂ, ಟವೆಲ್ಲು, ಮಂಡಿನೋವಿನ ಮುಲಾಮು. ಮುಲಾಮು ಪಟ್ಟಿಯಲ್ಲಿರಲಿಲ್ಲ. ಕೊನೆಗೆ ಸ್ಟಿಕ್ಕಿಗೆ ಹೊಸ ಗ್ರಿಪ್ ಸುತ್ತಿದೆ. ಮೊಬೈಲಿನ ವಿಡಿಯೋದಲ್ಲಿ ತೋರಿಸಿದ ಹಾಗೆ ಮೇಲಿನಿಂದ ಶುರು ಮಾಡಿ ಕೆಳಗೆ ಟೇಪು ಅಂಟಿಸಿದೆ. ಎರಡು ಕಡೆ ಸುಕ್ಕು ಬಂತು. ಇರಲಿ ಎಂದು ಬ್ಯಾಗಿನ ಮೇಲೆ ಅಡ್ಡಕ್ಕೆ ಇಟ್ಟೆ.

ಜಿಪ್ ಎಳೆಯುವಾಗ ಕೈ ನಿಂತಿತು. ತುಂಬಿದ ಬ್ಯಾಗು, ಬೆಳಿಗ್ಗೆ ಹೊರಡಬೇಕು, ಹಾಕಿಗೆ. ಅವನಿಗೆ ಅದು ಬದುಕಾಗಬಹುದಿತ್ತು. ಅವನ ಪಾಲಿಗೆ ಬಾರದ್ದನ್ನು ನಾನು ಈಗ ರಜೆ ಹಾಕಿ ಮೋಜಿಗೆ ಮಾಡಲು ಹೊರಟಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತು. ಕೋಚಿಗೆ "ಸಾರಿ ಸರ್, ಬರೋಕಾಗ್ತಿಲ್ಲ" ಎಂದು ಮೆಸೇಜು ಬರೆದೆ. ಕಳಿಸುವ ಮೊದಲು, ಮೋಡ ಕಟ್ಟುತ್ತಿದೆಯಲ್ಲ, ಒಣಗಿದ ಬಟ್ಟೆ ತಂದುಬಿಡೋಣ ಎಂದು ಬಾಗಿಲಿಗೆ ಬೀಗ ಹಾಕಿ ಟೆರೇಸಿಗೆ ಹೋದೆ.

ಅಲ್ಲಿ ಮನೆ ಓನರ್ ಸರೋಜ ಆಂಟಿ ಮೆಣಸಿನಕಾಯಿ ಬಾಚುತ್ತಿದ್ದರು.

"ಬ್ಯಾಗೆಲ್ಲ ರೆಡಿಯೇನೇ?"

"ಹೋಗೋದೇ ಡೌಟು ಆಂಟಿ."

"ಅಯ್ಯೋ ಮಾರಾಯ್ತಿ, ನಮ್ಮನೆ ಬಾಡಿಗೆಯೋಳು ಇಂಡಿಯಾ ಟೀಮಿಗೆ ಸೆಲೆಕ್ಟ್ ಆದ್ಲು ಅಂತ ನಾನು ಬೀದಿಗೆಲ್ಲ ಹೇಳಿ ಆಯ್ತು. ಮಂಡಿ ಮುರ್ಕೊಂಡು ಬಾ, ಪರ್ವಾಗಿಲ್ಲ. ಹೋಗ್ದೇ ಇದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ನಕ್ಕೆ. ಅವರ ಮೆಣಸಿನಕಾಯಿ ಮೊರಕ್ಕೆ ತುಂಬಲು ಕೈ ಹಾಕಿದೆ. ಎಲ್ಲ ಸೇರಿ ಕಾಲು ಗಂಟೆ ಆಗಿರಬಹುದು. ನನ್ನ ಬಾಗಿಲು ಟೆರೇಸಿನ ಮೆಟ್ಟಿಲ ಬುಡದಲ್ಲೇ ಇದೆ, ನಾವು ನಿಂತಲ್ಲಿಂದ ಕಾಣುತ್ತಿತ್ತು. ಕೀ ನನ್ನ ಕೈಯಲ್ಲೇ ಇತ್ತು.

ಕೆಳಗೆ ಬಂದು ಬೀಗ ತೆಗೆದು, ಬಟ್ಟೆಯನ್ನು ಮಂಚದ ಮೇಲೆ ಹಾಕಲು ಹೋದೆ. ಸ್ಟಿಕ್ ಬ್ಯಾಗಿನ ಮೇಲೆ ನಾನಿಟ್ಟ ಹಾಗೆಯೇ ಅಡ್ಡಕ್ಕಿತ್ತು. ಅದರ ಮೇಲಿದ್ದ ಗ್ರಿಪ್ ಮಾತ್ರ ನಾನು ಸುತ್ತಿದ್ದಲ್ಲ. ಪಟ್ಟಿ ಅದೇ, ಬಣ್ಣ ಅದೇ. ಸುತ್ತು ಇನ್ನೊಂದು ಕಡೆಗೆ ವಾಲಿತ್ತು. ಕೆಳಗಿನಿಂದ ಮೇಲಕ್ಕೆ ಏರಿತ್ತು. ಒಂದೇ ಒಂದು ಸುಕ್ಕಿರಲಿಲ್ಲ. ತುದಿಯನ್ನು ಮೇಲಿನ ಸುತ್ತಿನ ಅಡಿಗೆ ತೂರಿಸಿ ಎಳೆಯಲಾಗಿತ್ತು. ನಾನು ಅಂಟಿಸಿದ್ದ ಟೇಪು ಹರಿಯದೆ, ಮಡಚದೆ, ಮಂಚದ ಅಂಚಿಗೆ ನೆಟ್ಟಗೆ ಅಂಟಿಕೊಂಡಿತ್ತು.

ಹೆದರಿಕೆ ಆಯಿತೇ ಎಂದು ನೀವು ಕೇಳಬಹುದು. ಮೊದಲು ಬಂದದ್ದು ಸಿಟ್ಟು. ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆ. ಬಚ್ಚಲು ನೋಡಿದೆ, ಮಂಚದ ಕೆಳಗೆ ನೋಡಿದೆ, ಕಿಟಕಿಯ ಸರಳುಗಳನ್ನು ಅಲ್ಲಾಡಿಸಿದೆ. ನರ್ಸ್ ಗೆಳತಿಗೆ ಫೋನ್ ಮಾಡಿದರೆ ಅವಳು ಡ್ಯೂಟಿಯಲ್ಲಿದ್ದಳು. ಅಣ್ಣ ಹೀಗೆ ಸುತ್ತುತ್ತಿದ್ದ ಎಂದು ಗೊತ್ತಿದ್ದ ಇನ್ನೊಬ್ಬಳೆಂದರೆ ಅವ್ವ, ಅವಳು ತಿತಿಮತಿಯಲ್ಲಿ. ಮುರಿದ ಕೈ ಸರಿಯಾಗಿ ಕೂಡದೆ ಅವಳಿಗೆ ಬೆರಳು ಮಡಚಲೂ ಬರುವುದಿಲ್ಲ. ಆಮೇಲೆ ನೆಲದ ಮೇಲೆ ಕೂತೆ. ಆಗ ಹೆದರಿಕೆ ಆಯಿತು.

ಬರೆದಿಟ್ಟ ಮೆಸೇಜನ್ನು ಅಳಿಸಿದೆ. ಧೈರ್ಯ ಬಂದು ಅಳಿಸಿದ್ದಲ್ಲ. ಹೋಗದೆ ಉಳಿದರೆ ಮೂರು ದಿನ ಅದೇ ಕೋಣೆಯಲ್ಲಿ ಆ ಸ್ಟಿಕ್ಕಿನ ಜೊತೆ ಇರಬೇಕಾಗಿತ್ತು.

ಕ್ಯಾಂಪಿನಲ್ಲಿ ನಾನು ದೊಡ್ಡದೇನನ್ನೂ ಸಾಧಿಸಲಿಲ್ಲ. ಚೆಂಡನ್ನು ತಡೆದು ನಿಲ್ಲಿಸುವುದನ್ನು ಸರಿಯಾಗಿ ಕಲಿತೆ, ಎರಡು ಸಲ ಬಿದ್ದೆ. ಎರಡನೆಯ ದಿನ ಕೋಚ್ ಎಲ್ಲರ ಸ್ಟಿಕ್ ಕೈಗೆ ತೆಗೆದುಕೊಂಡು ನೋಡುತ್ತಿದ್ದವರು ನನ್ನದನ್ನು ಹಿಡಿದು ತಿರುಗಿಸಿದರು. "ಇದನ್ನ ಯಾರು ಸುತ್ತಿದ್ದು ಮೇಡಂ? ಎಡಗೈಯವರು ಸುತ್ತಿದ್ರೆ ಹೀಗಿರುತ್ತೆ." ನನ್ನ ಬಾಯಿಂದ "ಅಣ್ಣ" ಎಂದು ಬಂತು. "ಒಳ್ಳೇ ಕೈ. ಬಿಚ್ಚೋಕೆ ಹೋಗ್ಬೇಡಿ" ಎಂದು ವಾಪಸು ಕೊಟ್ಟರು. ಹೀಗಾಗಿ ಅದು ನನ್ನ ಕಣ್ಣಿಗೆ ಮಾತ್ರ ಕಂಡದ್ದು ಎನ್ನುವ ಹಾಗೂ ಇಲ್ಲ.

ಮೈಮರೆತು ನಾನೇ ಬಿಚ್ಚಿ ಸುತ್ತಿರಬಹುದೇ ಎಂದು ಬಹಳ ಯೋಚಿಸಿದ್ದೇನೆ. ಇನ್ನೊಂದು ಗ್ರಿಪ್ ತಂದು, ಗೆಳತಿಯ ಸ್ಟಿಕ್ ಇಸಿದುಕೊಂಡು, ಎಡಗೈಯಲ್ಲಿ ಸುತ್ತಿ ನೋಡಿದ್ದೇನೆ. ಹತ್ತು ಸಲವಾದರೂ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಮೂರನೆಯ ಸುತ್ತಿಗೇ ಸಡಿಲವಾಗುತ್ತದೆ. ರಿಪೋರ್ಟಿನಲ್ಲಾದರೆ ಇಂಥದ್ದಕ್ಕೆ ಮತ್ತೊಮ್ಮೆ ಸ್ಯಾಂಪಲ್ ಕಳಿಸಿ ಎಂದು ಬರೆಯುತ್ತೇವೆ. ಇದಕ್ಕೆ ಮತ್ತೊಂದು ಸ್ಯಾಂಪಲ್ ಇಲ್ಲ. ಅವನೇ ಎಂದು ಒಪ್ಪಿಕೊಂಡರೂ ಕಷ್ಟ ತೀರುವುದಿಲ್ಲ. ಹೋಗಿ ಆಡು ಎಂದು ನನಗೆ ಸುತ್ತಿ ಕೊಟ್ಟನೋ, ಇದು ನನ್ನದಾಗಬೇಕಿತ್ತು ಎಂದು ತನ್ನ ಕೈಗೆ ಒಪ್ಪುವಂತೆ ಸುತ್ತಿಕೊಂಡನೋ? ಬದುಕಿದ್ದಾಗ ನಾನು ಕೇಳದೆ ಉಳಿದದ್ದೂ ಇದನ್ನೇ.

ಈ ವಿಷಯವನ್ನು ಅವ್ವನಿಗೆ ಹೇಳಿಲ್ಲ. ಕ್ಯಾಂಪ್ ಮುಗಿದ ಸಂಜೆ ಗೋಣಿಕೊಪ್ಪದಲ್ಲಿ ಬಸ್ ಬದಲಿಸಿ ನೇರ ಅವಳ ಹತ್ತಿರ ಹೋದೆ. ಸರ್ಟಿಫಿಕೇಟು ತೆಗೆದು ಅವಳ ಕೈಗೆ ಕೊಟ್ಟೆ. ಓದಲು ಬಾರದವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಗೆದ್ದುದ್ಕೆ ಕೊಟ್ರಾ?"

"ಇಲ್ಲ ಅವ್ವ. ಹೋಗಿದ್ದಕ್ಕೆ."

"ಬರೀ ಹೋದ್ರೇ ಕೊಟ್ಟಾರಾ?"

ಹೂಂ ಎಂದೆ. ಅವಳು ಸರ್ಟಿಫಿಕೇಟನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಅದರ ಅಂಚು ಸವರಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಆವತ್ತು ಅವನ ಬ್ಯಾಗು ಬಿಚ್ಚಿದ್ದು ನಾನು ಕಣವ್ವ. ಅವ್ನೇ ಬಿಚ್ಚಿದ ಅಂತ ನೀನು ಅನ್ಕಂಡಿದ್ದೀಯ. ಒಂದ್ ಕೈಲಿ ಒಂದೊಂದೇ ತೆಗೆದು ಹಗ್ಗದ ಮ್ಯಾಲೆ ಹಾಕ್ದೆ. ಮಲಗವ್ನೆ ಅನ್ಕಂಡಿದ್ದೆ. ಅವನಿಗೆ ಎಚ್ಚರ ಇತ್ತು. ನೋಡ್ತಾನೇ ಇದ್ದ. ಬ್ಯಾಡ ಅವ್ವ ಅಂತ ಒಂದ್ ಮಾತು ಅನ್ನಲಿಲ್ಲ."