ಓಲೆಚೆಂಡಿನ ಎರಕ

ಕಾಣಿಯೂರಿನ ಸುತ್ತಮುತ್ತ ಅಚ್ಯುತ ಆಚಾರಿಯ ಗಂಟೆ ಕಟ್ಟದ ದನವೇ ಇರಲಿಲ್ಲ. ಮೇಣದಲ್ಲಿ ಆಕೃತಿ ಮಾಡಿ, ಹುತ್ತದ ಮಣ್ಣು ಮೆತ್ತಿ ಬೆಂಕಿಗಿಟ್ಟರೆ ಮೇಣ ಕರಗಿ ಹೋಗುತ್ತದೆ. ಆ ಜಾಗಕ್ಕೆ ಹಿತ್ತಾಳೆ ಹೊಯ್ಯುವುದು. ಮೂವತ್ತು ವರ್ಷ ಇದನ್ನೇ ಮಾಡಿದವನು ಆತ. ಹಾಗಿದ್ದೂ ತಪ್ಪಿದ, ಅದೂ ತಪ್ಪಲೇಬಾರದ ಕಡೆ.

೧೯೫೭ರ ಮಳೆಗಾಲದಲ್ಲಿ ವಿಷಮಜ್ವರ ಅವನ ಒಬ್ಬಳೇ ಮಗಳು ಮನೋರಮಾಳನ್ನು ಒಯ್ದಿತು. ಒಂಬತ್ತು ವರ್ಷದ ಕೂಸು. ಮಲಗಿದಲ್ಲೇ ಅವಳು ಹೆಣೆದ ತೆಂಗಿನೋಲೆಯ ಚೆಂಡೊಂದು ಉಳಿಯಿತು. ಅದು ಒಣಗಿ ಉದುರತೊಡಗಿದಾಗ ಆಚಾರಿಗೆ ಹೊಳೆದದ್ದು ಎರಕ. ಓಲೆಗೇ ಮೇಣ ಸವರಿ ಮಣ್ಣು ಮೆತ್ತಿದರೆ ಮಗಳ ಹೆಣಿಗೆ ಹಾಗೆಯೇ ಲೋಹಕ್ಕೆ ಬರುತ್ತದೆ ಎಂದುಕೊಂಡ. ಹೆಂಡತಿ ಕಮಲಾವತಿ ಬೇಡವೆಂದಳು.

"ಓಲೆ ಸುಟ್ಟು ಹೋಗುದಿಲ್ವಾ?"

"ಸುಟ್ಟು ಹೋಗ್ಲಿಕ್ಕೇ ಇಡುದು. ಮತ್ತೆ ಅದು ಹಾಳಾಗುದು ಅಂತ ಇಲ್ಲ."

ಮೇಣ ಬೂದಿ ಬಿಡುವುದಿಲ್ಲ, ಓಲೆ ಬಿಡುತ್ತದೆ. ಒಲೆಯ ಮುಂದೆ ಕೂತವರಿಗೆಲ್ಲ ಗೊತ್ತಿರುವ ಈ ಸಂಗತಿ ಊರಿಗೇ ಎರಕ ಹೊಯ್ಯುವವನ ತಲೆಗೆ ಹೋಗಲಿಲ್ಲ. ಬೂದಿ ಅಡ್ಡ ನಿಂತು ಹಿತ್ತಾಳೆ ನಡುದಾರಿಯಲ್ಲೇ ಗಟ್ಟಿಯಾಯಿತು. ಅಚ್ಚು ಒಡೆದಾಗ ಸಿಕ್ಕಿದ್ದು ಅರ್ಧ ಚೆಂಡು.

ಆಮೇಲೆ ಗಂಟೆಯ ಕೆಲಸ ಮೂಲೆ ಸೇರಿತು. ಗಿರಾಕಿಗಳು ಪುತ್ತೂರಿಗೆ ಹೋಗತೊಡಗಿದರು. ಆಚಾರಿಗೆ ಮರುಳು ಎಂದರು ಜನ. ಅವನ ತಲೆ ಸರಿಯಾಗಿಯೇ ಇತ್ತು, ಸಂಕಟವೂ ಅದೇ. ನೂಲು, ತಂತಿ, ಕೈವಾರ ಹಿಡಿದು ಅರ್ಧದಿಂದ ಇನ್ನರ್ಧವನ್ನು ಲೆಕ್ಕ ಹಾಕಿದ. ಆರೇ ಪಟ್ಟಿ, ಒಂದೊಂದೂ ಚೆಂಡು ಸುತ್ತಿ ತನ್ನ ಜಾಗಕ್ಕೇ ಬರುವುದು. ಐದು ಮೂಲೆಯ ಹನ್ನೆರಡು ಕಿಂಡಿ. ಈ ಬದಿ ಕಿಂಡಿಯಿದ್ದರೆ ನೇರ ಆಚೆಯೂ ಕಿಂಡಿ, ಅದರ ಮೊನೆ ಮಾತ್ರ ತಲೆಕೆಳಗು. ಐದು ವರ್ಷ ಹಿಡಿಯಿತು. ಇನ್ನರ್ಧವನ್ನು ಮೇಣದಲ್ಲೇ ಮಾಡಿ ಎರಕ ಹೊಯ್ದ, ಅದಕ್ಕೆ ಓಲೆಯ ನರಗಳನ್ನೂ ಕೊರೆದ, ಬೆಸುಗೆಯ ಗೆರೆ ಉಗುರಿಗೂ ಸಿಗದ ಹಾಗೆ ಉಜ್ಜಿದ. ಹೆಮ್ಮೆಯಿಂದಲೇ ತಂದು ಕಮಲಾವತಿಯ ಮಡಿಲಲ್ಲಿಟ್ಟ.

ಅವಳು ಬಹಳ ಹೊತ್ತು ನೋಡಿದಳು. "ಒಂದು ಓಲೆಯ ತುದಿ ಸಿಕ್ಕಿಸದೆ ಬಿಟ್ಟಿದ್ಲು. ನಾಳೆ ಮಾಡ್ತೇನಮ್ಮ ಅಂದಿದ್ಲು."

ಮೇಣ ಸವರುವಾಗಲೂ ಆಚಾರಿ ಅದನ್ನು ಗಮನಿಸಿರಲಿಲ್ಲ. ಅವನಿಗೆ ಉಳಿದಿದ್ದ ಅರ್ಧದಲ್ಲಿ ಅಂಥ ತುದಿ ಇರಲಿಲ್ಲ. ಎಲ್ಲಿ ಎಂದು ತೋರಿಸಿದರೆ ಈಗಲೇ ಮಾಡಿಕೊಡುತ್ತೇನೆ ಎಂದ. ಅವಳು ಚೆಂಡನ್ನು ಹೊರಳಿಸಿದಳು. ಯಾವ ಬದಿ ತಿರುಗಿಸಿದರೂ ಅದೇ ಕಿಂಡಿ, ಅದೇ ಪಟ್ಟಿ.

"ಎಲ್ಲಾ ಕಡೆ ಒಂದೇ ಹಾಗೆ ಉಂಟು," ಎಂದಳು. "ಅವಳು ಮಾಡಿದ ಅರ್ಧ ಯಾವುದು? ಅದನ್ನಾದ್ರೂ ತೋರ್ಸಿ."

ಆಚಾರಿ ಚೆಂಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ, ಮತ್ತೆ ತಿರುಗಿಸಿ ಹಿಡಿದ. ಅವನಿಗೂ ತಿಳಿಯಲಿಲ್ಲ.