ನಿ ಮೇಲೆ ನಿಲ್ಲುವುದು

ಟೆನ್ಷನ್ ಕಳೆಯಲೆಂದು ಸಂಗೀತ ಕಲಿಯಲು ಬರುವವರಿಗೆ ಟೆನ್ಷನ್ ಹುಟ್ಟಿಸುವುದನ್ನು ಹೇಳಿಕೊಡುವುದು ನನ್ನ ಕಸುಬು. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಾಲಿನಲ್ಲೇ ಕ್ಲಾಸು. ಟ್ಯೂನ್ ಕಟ್ಟುವುದೆಂದರೆ ಕೇಳುವವರನ್ನು ಸ್ವಲ್ಪ ಹೊತ್ತು ತುದಿಗಾಲಲ್ಲಿ ನಿಲ್ಲಿಸಿ ಆಮೇಲೆ ಕೂರಿಸುವುದು. 'ಸಾ' ಮನೆಯಾದರೆ 'ನಿ' ಅದರ ಹೊಸ್ತಿಲು. ಹೊಸ್ತಿಲ ಮೇಲೆ ಕೊಂಚ ಕಾಯಿಸಿದರೇ ಮನೆಯ ಸುಖ ತಿಳಿಯುವುದು.

ನನ್ನ ಶಿಷ್ಯ ಚೇತನನನ್ನೇ ನೋಡಿ. ಆಫೀಸಿಗೆ ಹೋಗುವಾಗ ದೊಮ್ಮಲೂರು ಫ್ಲೈಓವರ್ ಮೇಲಿನ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಋಷಿಯಂತೆ ಕೂರುವ ಪುಣ್ಯಾತ್ಮ, ತಾನೇ ಕಟ್ಟಿದ ಟ್ಯೂನಿನಲ್ಲಿ 'ನಿ' ಮೇಲೆ ಒಂದು ಕ್ಷಣ ನಿಲ್ಲಲಾರ. ದಡಕ್ಕನೆ 'ಸಾ'ಗೆ ಹಾರಿಬಿಡುತ್ತಾನೆ. ಷಡ್ಜವನ್ನು, ಅಂದರೆ ಈ 'ಸಾ'ವನ್ನು, ಶಾಸ್ತ್ರದವರು ಅಚಲ ಸ್ವರ ಅಂದಿದ್ದಾರಪ್ಪ, ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದರೆ, "ಕಾಯೋಕ್ಕಾಗಲ್ಲ ಸಾರ್" ಎನ್ನುತ್ತಾನೆ.

ಅವನಿಗಿಂತ ಅವಸರದವಳು ನನ್ನ ಹೆಂಡತಿ, ಧಾರವಾಡದ ಗಂಗಾ. ನಾನು ಕೀಬೋರ್ಡಿನಲ್ಲಿ 'ನಿ' ಒತ್ತಿ ಸುಮ್ಮನಾದರೆ ಸಾಕು, ಅಡುಗೆಮನೆಯಿಂದ ಮಿಕ್ಸಿಯ ಸದ್ದನ್ನೂ ಮೀರಿ 'ಸಾ' ಬರುತ್ತಿತ್ತು. ಹೋದ ವಾರ ಅದು ನಿಂತುಹೋಯಿತು. ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ಅವಳು ಮೊದಲ ಸಲ ಮೈಕಿನ ಮುಂದೆ ಹಾಡಿದಳು. ವೇದಿಕೆ ಇಳಿದು ಬಂದವಳೇ, "ಹೆಂಗಾತ್ರೀ?" ಎಂದಳು. ಯಾರನ್ನೂ ತಕ್ಷಣ ಹೊಗಳಬಾರದೆಂಬ ಮೇಷ್ಟರ ಚಾಳಿ ನನಗೆ. "ಹೇಳ್ತೀನಿ ಇರು" ಎಂದೆ. ಹೇಳಲೇ ಇಲ್ಲ. ಅಂದಿನಿಂದ ಊಟ, ತಿಂಡಿ, ಮಾತು ಎಲ್ಲ ಸರಿಯಾಗಿತ್ತು. ಗುನುಗುವುದು ಮಾತ್ರ ಬಂದ್. ಇವಳು ಇನ್ನು ಹಾಡುವುದೇ ಇಲ್ಲವೇನೋ ಎಂದು ನಿಜಕ್ಕೂ ಭಯವಾಯಿತು.

ಮೊನ್ನೆ ಪಾಠದಲ್ಲಿ 'ನಿ' ಒತ್ತಿ ಕೈ ಎತ್ತಿದೆ. ಹೆಸರಿಗೆ ಚೇತನನಿಗೆ ಪಾಠ. ಕಿವಿಯೆಲ್ಲ ಅಡುಗೆಮನೆಯ ಕಡೆ. ಅಲ್ಲಿ ಸೌಟಿನ ಸದ್ದೂ ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ, ಆದರೂ ಬಾಯಿ ಬಿಡುತ್ತಿಲ್ಲ! ಇಂಥ ಗಟ್ಟಿಗಿತ್ತಿಯನ್ನು ಮನೆಯಲ್ಲಿಟ್ಟುಕೊಂಡು ನಾನು ಊರಿಗೆಲ್ಲ ಪಾಠ ಹೇಳುತ್ತಿದ್ದೆ.

"ಸಾರ್, ಸಾ ಹಾಕ್ಬಿಡಿ ಸಾರ್, ಕಾಯೋಕ್ಕಾಗ್ತಿಲ್ಲ" ಎಂದು ಚೇತನ ಗೋಗರೆದ. ನನಗೂ ಕಾಯಲಾಗುತ್ತಿರಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಅವತ್ತು ತುಂಬಾ ಚೆನ್ನಾಗಿ ಹಾಡ್ದೆ ಕಣೇ. ನಂಗೆ ಕಣ್ಣಲ್ಲಿ ನೀರು ಬಂದಿತ್ತು" ಎಂದೆ.

ಗಂಗಾ ಒಲೆ ಸಣ್ಣ ಮಾಡಿ ತಿರುಗಿದಳು. "ಹಾಡಿನ್ಯಾಗ ಬೇಕಾದಷ್ಟು ಕಾಯಸ್ರಿ, ಮನ್ಯಾಗ ಮಾತ್ರ ಲಗೂನ ಹೇಳಿಬಿಡ್ರಿ" ಎಂದವಳು, "ಈಗ ಇನ್ನೊಮ್ಮೆ ಹೇಳ್ರಿ, ಆ ಹುಡುಗಗೂ ಕೇಳ್ಲಿ" ಎಂದಳು.

ಹೇಳಿದೆ, ಜೋರಾಗಿಯೇ. ಚೇತನನ ಕಡೆಗೆ ತಿರುಗುವಷ್ಟರಲ್ಲಿ ಒಳಗೆ ಹಾಡು ಶುರುವಾಗಿತ್ತು.