ಮೇಷ್ಟ್ರು ರಾಯಭಾರಿಯಾದರೆ

ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿ ಆಫ್ರಿಕಾದ ಒಂದು ಪುಟ್ಟ ದೇಶದ ರಾಯಭಾರ ಕಚೇರಿ, ಅಂದರೆ ಹೈಕಮಿಷನ್, ಇತ್ತು. ಎರಡು ಸಾವಿರದ ದಶಕದಲ್ಲಿ ಕೆಲವು ವರ್ಷ ನಾನು ಅಲ್ಲಿ ಕಾರ್ಯದರ್ಶಿಯಾಗಿದ್ದೆ. ಊರಾಚೆ ಅಪ್ಪರ್ ಹಟ್‌ನಲ್ಲಿದ್ದ ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರುವುದು. ಕೆಲಸ ಹಗುರವೇ, ನನ್ನ ತಲೆ ಕೆಡಿಸುತ್ತಿದ್ದವರು ರಾಯಭಾರಿಗಳು.

ಅವರು ಮೂಲತಃ ಹಳ್ಳಿಶಾಲೆಯ ಹೆಡ್‌ಮಾಸ್ಟರು. ಚುನಾವಣೆಗೆ ನಿಂತು, ಗೆದ್ದು, ಶಿಕ್ಷಣ ಮಂತ್ರಿಯಾದರು. ಪ್ರಾಥಮಿಕ ಶಾಲೆಗಳ ಫೀಸು ರದ್ದು ಮಾಡಿಸಿದರು. ಮಕ್ಕಳು ನುಗ್ಗಿ ಬಂದರು, ಕೂರಿಸಲು ಕೋಣೆಗಳಿರಲಿಲ್ಲ. ಕೋಣೆ ಕಟ್ಟುವ ಹಣ ಅಧ್ಯಕ್ಷರ ಹೊಸ ಬಂಗಲೆಗೆ ಹೋಯಿತೆಂದು ಇವರು ಸದನದಲ್ಲೇ ಎದ್ದುನಿಂತು ಹೇಳಿಬಿಟ್ಟರು. "ಜೈಲಿಗೆ ಹಾಕಿದರೆ ಗಲಾಟೆಯಾಗುತ್ತೆ ಅಂತ, ಭೂಪಟದ ತುದಿ ಹುಡುಕಿ ಇಲ್ಲಿಗೆ ಕಳಿಸಿದರು" ಎಂದು ನಗುತ್ತಿದ್ದರು.

ನಗು ಅವರದು, ಪಾಡು ನನ್ನದು. ದಾರಿಯಲ್ಲಿ ಶಾಲೆ ಕಂಡರೆ ಸಾಕು, ಒಳಗೆ ಹೋಗಿಬಿಡುತ್ತಿದ್ದರು.

ಒಂದು ದಿನ ಕ್ರೈಸ್ಟ್‌ಚರ್ಚ್‌ನಿಂದ ಕಾಫಿ ವ್ಯಾಪಾರಿಗಳು ಊಟಕ್ಕೆ ಬಂದಿದ್ದರು. ರಾಯಭಾರಿಗಳ ದೇಶದ ಕಾಫಿ ಕೊಳ್ಳಿ ಎಂದು ತಿಂಗಳುಗಟ್ಟಲೆ ಫೋನ್ ಮಾಡಿ ಒಪ್ಪಿಸಿದವಳು ನಾನು. ರಾಯಭಾರಿಗಳು ಮಾತ್ರ ನಾಪತ್ತೆ. ಎಲ್ಲಿರುತ್ತಾರೆಂದು ಗೊತ್ತಿತ್ತು. ಏದುಸಿರು ಬಿಡುತ್ತ ಗುಡ್ಡದ ಮೇಲಿನ ಶಾಲೆಗೆ ಓಡಿದೆ. ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇದೇ ಭೂಮಧ್ಯರೇಖೆ ಎನ್ನುತ್ತಿದ್ದರು.

"ಸರ್, ಅತಿಥಿಗಳು ಬಂದು ಕೂತಿದಾರೆ!"

"ಈ ಹುಡುಗಿಗಿನ್ನೂ ಅರ್ಥವಾಗಿಲ್ಲ ಮೇಡಂ. ಸ್ವಲ್ಪ ತಡೀರಿ."

ನಾವು ಮರಳುವಷ್ಟರಲ್ಲಿ ವ್ಯಾಪಾರಿಗಳು ಉಂಡು ಹೊರಟುಹೋಗಿದ್ದರು.

"ಅವ್ರು ಮೇಷ್ಟ್ರು ಕಣೇ, ಬದ್ಲಾಗಲ್ಲ ಬಿಡು" ಎಂದರು ನನ್ನ ಗಂಡ, ಸಂಜೆ.

"ಮೇಷ್ಟ್ರಾಗೇ ಇದ್ದಿದ್ರೆ ನಂಗೇನ್ರೀ ಕಷ್ಟ? ಬಾಗಿಲ ಮೇಲೆ ಹೈಕಮಿಷನರ್ ಅಂತ ಬೋರ್ಡ್ ಇದ್ಯಲ್ಲಾ!"

ವ್ಯಾಪಾರಿಗಳ ದೂರು ಮುಟ್ಟಿತೋ, ಅಧ್ಯಕ್ಷರಿಗೆ ನೆಪ ಬೇಕಿತ್ತೋ, ಕೆಲವೇ ವಾರಗಳಲ್ಲಿ ಅವರಿಗೆ ವಾಪಸ್ ಬರುವಂತೆ ಆದೇಶ ಬಂತು. ಬೇರೆ ಹುದ್ದೆಯ ಮಾತೇ ಇಲ್ಲ. ಅವರು ಶಾಂತವಾಗಿ ಚಹಾ ಕುಡಿಯುತ್ತಿದ್ದರು. ಸಿಡಿದವಳು ನಾನು.

"ಒಂದೇ ಒಂದು ಊಟಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ರೆ ಏನು ಹೋಗ್ತಿತ್ತು ಸರ್?"

"ಮಂತ್ರಿಯಾದಾಗ ನಾನು ಏನಂದರೂ ಎಲ್ಲರೂ ತಲೆಯಾಡಿಸುತ್ತಿದ್ದರು, ಮೇಡಂ. ಕ್ಲಾಸಿನಲ್ಲಿ ಮಾತ್ರ ಯಾರಾದರೊಬ್ಬರು ಕೈಯೆತ್ತಿ, ಅರ್ಥವಾಗಲಿಲ್ಲ ಅನ್ನುತ್ತಾರೆ."

ಅದು ನನ್ನ ಪ್ರಶ್ನೆಗೆ ಉತ್ತರವೇ ಅಲ್ಲ. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಆದರೂ ಅವರ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಟ್ಟಿದ್ದು ನಾನೇ. ತುಂಬುವಾಗ ಮೂಗು ಒರೆಸಿಕೊಂಡಿದ್ದಕ್ಕೆ ಧೂಳು ಎಂದೆ.

ಮರುವರ್ಷ, ಅವರು ತಮ್ಮೂರಲ್ಲೇ ಪಾಠ ಹೇಳುತ್ತಿದ್ದಾರೆಂದು ತಿಳಿಯಿತು. ನಂಬರು ಹುಡುಕಿ, ಅಲ್ಲಿನ ಹಗಲು ನೋಡಿಕೊಂಡು ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ.

"ಓ ಮೇಡಂ! ಪಾಠ ನಡೀತಿದೆ, ಆಮೇಲೆ ಮಾಡಿ" ಎಂದು ಇಟ್ಟೇಬಿಟ್ಟರು.

"ಏನಂದ್ರು?" ಎಂದು ಕೇಳಿದರು ಗಂಡ.

"ಏನಂತಾರೆ?" ಎಂದು ರಿಸೀವರನ್ನು ಕುಕ್ಕಿ, ಅನ್ನಕ್ಕಿಡಲು ಒಳಗೆ ಹೋದೆ.